ಬಿಗಿಯಾಗಿ ಕೂತರೆ ಸಾಲದು: ಡ್ರಿಲ್ಲಿಂಗ್ ಮತ್ತು ಇಂಪ್ಲಾಂಟ್ ಸುತ್ತಲಿನ ಮೂಳೆ

ಹಲ್ಲಿನ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಯಲ್ಲಿ ಇಳಿಸುವ ಸ್ಕ್ರೂ, ಕೂರಿಸುವ ಹೊತ್ತಿಗೆ ಎಲ್ಲರ ಕಣ್ಣೂ ಮೋಟಾರ್‌ನ ಪರದೆಯ ಮೇಲಿರುತ್ತದೆ. ಟಾರ್ಕ್ (ತಿರುಗಿಸಲು ಬೇಕಾದ ಬಲ) 35 ನ್ಯೂಟನ್ ಸೆಂಟಿಮೀಟರ್ ದಾಟಿದರೆ ಸಮಾಧಾನ, 50 ಮುಟ್ಟಿದರೆ ಇನ್ನೂ ಖುಷಿ. ಆದರೆ ಸ್ಕ್ರೂ ಆ ಕ್ಷಣಕ್ಕೆ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದನ್ನು ಬಿಟ್ಟು ಆ ಅಂಕಿಗೆ ಬೇರೇನೂ ಗೊತ್ತಿಲ್ಲ. ಅದನ್ನು ಹಿಡಿದುಕೊಂಡಿರುವ ಮೂಳೆಗೆ ಜೀವ ಇದೆಯೋ ಇಲ್ಲವೋ ಪರದೆ ಹೇಳುವುದಿಲ್ಲ. ಸುಟ್ಟು ಸತ್ತ ಮೂಳೆಯೂ ಮೊದಲ ದಿನ ಇಂಪ್ಲಾಂಟನ್ನು ಗಟ್ಟಿಯಾಗಿಯೇ ಹಿಡಿದಿರುತ್ತದೆ. ನಿಜ ಸ್ಥಿತಿ ಗೊತ್ತಾಗುವುದು ಮೂರನೆಯ, ನಾಲ್ಕನೆಯ ವಾರದಲ್ಲಿ. ಅಷ್ಟು ಹೊತ್ತಿಗೆ ಎಲ್ಲರೂ ಸೋಂಕನ್ನೋ, ರೋಗಿಯ ಸಕ್ಕರೆ ಕಾಯಿಲೆಯನ್ನೋ, ಸಿಗರೇಟನ್ನೋ ದೂರುತ್ತಿರುತ್ತಾರೆ. ಅವುಗಳ ಪಾಲೂ ಇರುತ್ತದೆ, ಇಲ್ಲವೆನ್ನುವಂತಿಲ್ಲ. ಆದರೆ ಮೂಳೆ ಕಚ್ಚಿಕೊಳ್ಳುವ ಮೊದಲೇ ಇಂಪ್ಲಾಂಟ್ ಸಡಿಲವಾಗಿ ಬಂದರೆ ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಆ ರಂಧ್ರವನ್ನು ಹೇಗೆ ಕೊರೆದರು ಅನ್ನುವುದನ್ನು.

ಡ್ರಿಲ್ ಮಾಡುವುದೆಂದರೆ ಮೂಳೆಗೆ ಗಾಯ ಮಾಡುವುದು. ಇಂಪ್ಲಾಂಟ್ ನಿಲ್ಲುವುದು ಆ ಗಾಯ ಮಾಯುವುದರಿಂದ. ರಂಧ್ರ ಕೊರೆದ ಕೂಡಲೇ ರಕ್ತ ತುಂಬಿಕೊಂಡು ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ದಿನ ಬಿಳಿ ರಕ್ತಕಣಗಳು, ಮ್ಯಾಕ್ರೋಫೇಜ್‌ಗಳು ಬಂದು ಚೂರುಪಾರನ್ನು ತೆಗೆಯುತ್ತವೆ. ಹೊಸ ರಕ್ತನಾಳಗಳು ಒಳಗೆ ಬೆಳೆಯುತ್ತವೆ, ಅವುಗಳ ಬೆನ್ನಿಗೇ ಮೂಳೆ ಕಟ್ಟುವ ಕೋಶಗಳು ಬರುತ್ತವೆ. 2003ರಲ್ಲಿ ಬೆರ್ಗ್ಲಂಡ್, ಲ್ಯಾಂಗ್, ಲಿಂಡೆ ಮತ್ತು ಸಂಗಡಿಗರು ನಾಯಿಗಳ ದವಡೆಯಲ್ಲಿ, ಸ್ಕ್ರೂವಿನ ಎಳೆಗಳ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟ ಇಂಪ್ಲಾಂಟ್‌ಗಳನ್ನು ಹಾಕಿ, 2 ಗಂಟೆಯಿಂದ 12 ವಾರದವರೆಗಿನ ಬೇರೆ ಬೇರೆ ಹಂತಗಳಲ್ಲಿ ತೆಗೆದು ನೋಡಿದ್ದರು. 4 ದಿನಕ್ಕೆ ಆ ಖಾಲಿ ಜಾಗದಲ್ಲಿ ಹೆಪ್ಪಿನ ಬದಲು ಹಸಿ ಅಂಗಾಂಶ. ಒಂದು ವಾರಕ್ಕೆ ಎಳೆ ಮೂಳೆಯ ಮೊದಲ ಬೆರಳುಗಳು. ಮುಂದಿನ ವಾರಗಳಲ್ಲಿ ಅದು ಗಟ್ಟಿಯಾಗಿ, ಪದರ ಪದರದ ಮೂಳೆಯಾಗಿ ಮಾರ್ಪಾಡಾಗುತ್ತಾ ಹೋಯಿತು.

ಆ ಪ್ರಯೋಗದಲ್ಲಿ ಗಮನಿಸಬೇಕಾದ ಮಾತು ಬೇರೆ ಇದೆ. ಖಾಲಿ ಬಿಟ್ಟ ಜಾಗದಲ್ಲಿ ಹೊಸ ಮೂಳೆ ನೇರವಾಗಿ ಬೆಳೆಯಿತು. ಸ್ಕ್ರೂ ಎಳೆಯ ತುದಿ ಹಳೆ ಮೂಳೆಗೆ ಒತ್ತಿಕೊಂಡಿದ್ದ ಕಡೆಯಾದರೋ, ಆ ಹಳೆ ಮೂಳೆ ಮೊದಲು ಕರಗಬೇಕಾಯಿತು, ಆಮೇಲೆ ಅಲ್ಲಿ ಹೊಸದು ಬಂತು. ಅಂದರೆ ಮೊದಲ ದಿನ ಇಂಪ್ಲಾಂಟನ್ನು ಹಿಡಿದಿದ್ದ ಮೂಳೆಯೇ ಮೊದಲು ಬಿಟ್ಟುಕೊಡುವ ಮೂಳೆ. ಯಾಂತ್ರಿಕವಾದ ಬಿಗಿ ಇಳಿಯುತ್ತಾ ಹೋಗುತ್ತದೆ, ಜೈವಿಕವಾದ ಬೆಸುಗೆ ಏರುತ್ತಾ ಬರುತ್ತದೆ. ಸುಮಾರು 2ರಿಂದ 4 ವಾರದ ನಡುವೆ ಎರಡೂ ಕಡಿಮೆ ಇರುವ ಒಂದು ತಗ್ಗು ಬರುತ್ತದೆ. ಕೊರೆಯುವಾಗ ಸತ್ತ ಮೂಳೆಯ ಪದರ ದಪ್ಪವಾದಷ್ಟೂ ಕರಗಬೇಕಾದದ್ದು ಹೆಚ್ಚು, ತಗ್ಗೂ ಆಳ. ಎಷ್ಟು ನಾಜೂಕಾಗಿ ಕೊರೆದರೂ ಗೋಡೆಯ ಅಂಚಿನ ಒಂದು ತೆಳು ಪದರ ಸಾಯುತ್ತದೆ. ಆ ಪದರವನ್ನು ತೆಳುವಾಗಿಯೇ ಉಳಿಸಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಅದನ್ನು ದಪ್ಪ ಮಾಡುವ ಸಂಗತಿಗಳು ಮುಖ್ಯವಾಗಿ ಎರಡು, ಕೊರೆಯುವಾಗಿನ ಬಿಸಿ ಮತ್ತು ಇಂಪ್ಲಾಂಟ್ ಗೋಡೆಯನ್ನು ಅಮುಕುವ ಒತ್ತಡ.

ಬಿಸಿಯ ಲೆಕ್ಕ

47 ಡಿಗ್ರಿ ಸೆಲ್ಸಿಯಸ್ ಅನ್ನುವ ಅಂಕಿ ಇಂಪ್ಲಾಂಟ್ ಕಲಿತವರಿಗೆಲ್ಲ ಬಾಯಿಪಾಠ. ಅದು ಬಂದದ್ದು ಎರಿಕ್ಸನ್ ಮತ್ತು ಆಲ್‌ಬ್ರೆಕ್ಟ್‌ಸನ್ 1983ರಲ್ಲಿ ಪ್ರಕಟಿಸಿದ ಕೆಲಸದಿಂದ. ಮೊಲದ ಕಾಲಿನ ಮೂಳೆಯನ್ನು ಲೆಕ್ಕ ಹಾಕಿ ಬಿಸಿ ಮಾಡಿ, ಜೀವಂತ ಮೂಳೆಯಲ್ಲೇ ಮುಂದೇನಾಗುತ್ತದೆಂದು ವಾರಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. 50 ಡಿಗ್ರಿಯಲ್ಲಿ 1 ನಿಮಿಷ, ಅಥವಾ 47 ಡಿಗ್ರಿಯಲ್ಲಿ 5 ನಿಮಿಷ ಇಟ್ಟ ಕಡೆ ಮೂಳೆ ಕರಗಿ ಅದರ ಜಾಗಕ್ಕೆ ಕೊಬ್ಬಿನ ಕೋಶಗಳು ಬಂದವು. 47ರಲ್ಲಿ 1 ನಿಮಿಷ ಅನ್ನುವುದು ಹಾನಿ ಶುರುವಾಗುವ ಗಡಿ. ಹಾಗಾಗಿ ಬಿಸಿಯ ಜೊತೆಗೆ ಸಮಯವನ್ನೂ ಹೇಳದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ಮೈಯ ಬಿಸಿ 37. ನಮಗಿರುವ ಅವಕಾಶ ಬರೀ 10 ಡಿಗ್ರಿ. ನೀರಿಲ್ಲದೆ ಗಟ್ಟಿ ಮೂಳೆಯಲ್ಲಿ ವೇಗವಾಗಿ ಡ್ರಿಲ್ ತಿರುಗಿಸಿದರೆ ಅದು ಕೆಲವೇ ಸೆಕೆಂಡಿನಲ್ಲಿ ಖರ್ಚಾಗಿಬಿಡುತ್ತದೆ.

ಬಿಸಿ ಹುಟ್ಟುವುದು ಮೂರು ಕಡೆ: ಅಂಚು ಮೂಳೆಯನ್ನು ಕತ್ತರಿಸುವಲ್ಲಿ, ಡ್ರಿಲ್‌ನ ಪಕ್ಕೆ ಗೋಡೆಗೆ ಉಜ್ಜುವಲ್ಲಿ, ಹೊರಬರಲಾಗದೆ ಡ್ರಿಲ್‌ನ ಮೈಮೇಲಿನ ಕಾಲುವೆಯಲ್ಲಿ ಸಿಕ್ಕಿಕೊಂಡ ಮೂಳೆಪುಡಿ ಅರೆಯುವಲ್ಲಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕಾಲುವೆ ಕಟ್ಟಿಕೊಂಡ ಡ್ರಿಲ್ ಎಷ್ಟು ಹರಿತವಾಗಿದ್ದರೂ ಮೊಂಡು ಡ್ರಿಲ್‌ಗೆ ಸಮ. ಗಟ್ಟಿ ಮೂಳೆ ಶಾಖವನ್ನು ಬೇಗ ದಾಟಿಸುವುದಿಲ್ಲ. ಹುಟ್ಟಿದ ಬಿಸಿ ಅಲ್ಲೇ ಗೋಡೆಯಲ್ಲೇ ಉಳಿಯುತ್ತದೆ. ನಮಗೆ ಬೇಕಾದ ಮೂಳೆ ಇರುವುದೂ ಆ ಗೋಡೆಯಲ್ಲೇ.

ವೇಗದ ಬಗ್ಗೆ ಎಷ್ಟೋ ವಾದಗಳಿವೆ. ನಮ್ಮ ಅನಿಸಿಕೆಯಲ್ಲಿ ಬರೀ ವೇಗದ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ, ಕೈಯ ಒತ್ತಡವನ್ನೂ ಸೇರಿಸಿಯೇ ಮಾತಾಡಬೇಕು. ಮ್ಯಾಥ್ಯೂಸ್ ಮತ್ತು ಹಿರ್ಷ್ 1972ರಲ್ಲಿ ಮನುಷ್ಯರ ತೊಡೆಮೂಳೆಯ ಗಟ್ಟಿ ಪದರದ ಮೇಲೆ ಅಳೆದು ತೋರಿಸಿದ್ದು, ಒತ್ತಡ ಹೆಚ್ಚಿದಾಗ ಮೂಳೆ ಬಿಸಿಯಾಗುವುದೂ ಬಿಸಿಯಾಗಿರುವ ಹೊತ್ತೂ ಕಡಿಮೆಯಾಗುತ್ತದೆ ಎಂದು. ಕೇಳಿದರೆ ತಲೆಕೆಳಗಾದಂತೆ ಅನಿಸುತ್ತದೆ. ಕಾರಣ ಸರಳ: ಡ್ರಿಲ್ ಬೇಗ ಕತ್ತರಿಸಿ ಹೊರಬರುತ್ತದೆ, ಉಜ್ಜುತ್ತಾ ಕೂರುವುದಿಲ್ಲ. ಹೆದರಿ ಹೆದರಿ ಮೆಲ್ಲಗೆ ತಾಗಿಸಿಕೊಂಡು ಅರ್ಧ ನಿಮಿಷ ತಿರುಗಿಸುವುದು ಮೂಳೆಗೆ ಮಾಡುವ ಉಪಕಾರವಲ್ಲ. ಹಾಗಂತ ಮೊಂಡು ಡ್ರಿಲ್ ಹಿಡಿದು ಬಲ ಹಾಕಿದರೆ ಈ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಹರಿತವಾದ ಡ್ರಿಲ್, ಸುಮಾರು 2 ಕಿಲೋ ಒತ್ತಡ, ನಿಮಿಷಕ್ಕೆ 800ರಿಂದ 1200 ಸುತ್ತು, ಧಾರಾಳ ನೀರು. ಇಷ್ಟಿದ್ದರೆ ಸಾಮಾನ್ಯ ಮೂಳೆಯಲ್ಲಿ ಬಿಸಿ ಹದ್ದು ಮೀರುವುದಿಲ್ಲ.

ಕೈಯ ಚಲನೆ ಹೀಗಿರಬೇಕು: ಒಂದೆರಡು ಸೆಕೆಂಡು ಒತ್ತಿ, ತಿರುಗುತ್ತಿರುವಾಗಲೇ ಪೂರ್ತಿ ಹೊರಗೆ ತೆಗೆದು, ಮತ್ತೆ ಒಳಗೆ. ಪೂರ್ತಿ ಅನ್ನುವುದು ಮುಖ್ಯ. ಅರ್ಧ ಮಿಲಿಮೀಟರ್ ಮೇಲೆ ಕೆಳಗೆ ಆಡಿಸಿದರೆ ಪುಡಿಯೂ ಹೊರಬರುವುದಿಲ್ಲ, ನೀರೂ ಒಳಗೆ ಹೋಗುವುದಿಲ್ಲ. ಹೊರಬಂದಾಗ ಕಾಲುವೆ ನೋಡಿ. ರಕ್ತ ಬೆರೆತ, ಒದ್ದೆಯಾದ, ಗುಲಾಬಿ ಬಿಳುಪಿನ ಚೂರುಗಳಿದ್ದರೆ ಸರಿ. ಒಣಗಿದ ನುಣ್ಣನೆ ಹಿಟ್ಟು ಅಂಟಿಕೊಂಡಿದ್ದರೆ ಡ್ರಿಲ್ ಕತ್ತರಿಸುತ್ತಿಲ್ಲ, ಉಜ್ಜುತ್ತಿದೆ. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಆಗಬಾರದ್ದು ಆಗಿಹೋಗಿದೆ. ಅಲ್ಲಿ ನಿಲ್ಲಿಸಿ, ಹೊಸ ಡ್ರಿಲ್ ಹಾಕಿ, ಮುಂದಿನ ಅಳತೆಯಲ್ಲಿ ತಣ್ಣೀರಿನ ಜೊತೆ ಆ ಸುಟ್ಟ ಗೋಡೆಯನ್ನು ತೆಗೆದು, ರಕ್ತ ಒಸರುವ ಮೂಳೆ ಸಿಕ್ಕ ಮೇಲಷ್ಟೇ ಮುಂದುವರಿಯಬೇಕು.

ನೀರು ಅಂದರೆ 0.9 ಶೇಕಡಾ ಸಲೈನ್, ಸ್ಟೆರೈಲ್ ಆದದ್ದು. ಡಿಸ್ಟಿಲ್ಡ್ ವಾಟರ್ ಬೇಡ, ಅದು ಕೋಶಗಳ ಒಳಗೆ ನುಗ್ಗಿ ಅವನ್ನು ಒಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿದ ಬಾಟಲಿ ಬಳಸಿದರೆ ಆ 10 ಡಿಗ್ರಿ ಅವಕಾಶಕ್ಕೆ ಇನ್ನೊಂದಿಷ್ಟು ಸೇರುತ್ತದೆ. ಪಂಪ್ ನಿಮಿಷಕ್ಕೆ ಕನಿಷ್ಠ 50 ಮಿಲಿಲೀಟರ್ ಕೊಡುವಂತಿರಲಿ. ಆದರೆ ಪಂಪ್ ಎಷ್ಟು ಕೊಡುತ್ತದೆ ಅನ್ನುವುದಕ್ಕಿಂತ ಮೂಳೆಗೆ ಎಷ್ಟು ತಲುಪುತ್ತದೆ ಅನ್ನುವುದು ದೊಡ್ಡದು. ಸಹಾಯಕರು ಸಕ್ಷನ್ ತುದಿಯನ್ನು ರಂಧ್ರದ ಬಾಯಿಗೇ ಹಿಡಿದರೆ ಸಲೈನ್ ಮೂಳೆ ಮುಟ್ಟುವ ಮೊದಲೇ ಕೊಳವೆ ಸೇರಿರುತ್ತದೆ. ಸಕ್ಷನ್ ಒಂದಿಷ್ಟು ಹಿಂದಕ್ಕೆ, ನಾಲಿಗೆಯ ಕಡೆ ಇರಬೇಕು. ಹ್ಯಾಂಡ್‌ಪೀಸಿನ ನೀರಿನ ಕೊಳವೆ ಬಾಗಿಹೋಗಿ ಸಲೈನ್ ಕೆನ್ನೆಗೆ ಬೀಳುತ್ತಿರುವುದೂ ಉಂಟು. ಹಾಗಾಗಿ ಬಾಯೊಳಗೆ ಹೋಗುವ ಮೊದಲು ಹೊರಗೇ ಒಮ್ಮೆ ತಿರುಗಿಸಿ, ನೀರು ಡ್ರಿಲ್‌ನ ತುದಿಗೆ ಬೀಳುತ್ತಿದೆಯೇ ನೋಡಿಕೊಳ್ಳಿ. ಬಾಟಲಿ ಖಾಲಿಯಾದದ್ದು ಯಾರಿಗೂ ಗೊತ್ತಾಗದೆ ಕೊನೆಯ ಡ್ರಿಲ್ ಒಣಗಿಯೇ ಓಡುವ ಅಪಾಯವೂ ಇದೆ. ಒಬ್ಬರಿಗೆ ಅದನ್ನು ನೋಡುವ ಕೆಲಸವನ್ನೇ ವಹಿಸಿದರೆ ಒಳ್ಳೆಯದು.

ಗೈಡ್ (ಡ್ರಿಲ್‌ಗೆ ದಾರಿ ತೋರುವ ಅಚ್ಚು) ಇಟ್ಟು ಕೊರೆಯುವವರಿಗೆ ಇಲ್ಲಿ ಇನ್ನೊಂದು ತೊಂದರೆ. ಗೈಡಿನ ಸ್ಲೀವ್, ಅಂದರೆ ಡ್ರಿಲ್ ಹಾದುಹೋಗುವ ಕೊಳವೆ, ರಂಧ್ರದ ಬಾಯಿಯನ್ನೇ ಮುಚ್ಚಿರುತ್ತದೆ, ಹೊರಗಿನಿಂದ ಬಿಟ್ಟ ನೀರು ಗೈಡಿನ ಮೇಲೇ ಹರಿದುಹೋಗುತ್ತದೆ. ಡ್ರಿಲ್ಲನ್ನು ಪ್ರತಿ ಸಲ ಸ್ಲೀವಿನಿಂದ ಹೊರತೆಗೆದು, ಸಿರಿಂಜಿನಲ್ಲಿ ಸಲೈನನ್ನು ಸ್ಲೀವ್ ಒಳಗೇ ಹೊಡೆಯಬೇಕು. ಗೈಡಿನ ಪಕ್ಕದಲ್ಲಿ ಕಿಟಕಿ ಬಿಟ್ಟು ಮುದ್ರಿಸಿದ್ದರೆ ಇನ್ನೂ ಅನುಕೂಲ.

ಡ್ರಿಲ್ ಎಷ್ಟು ಸಲ ಬಳಸಬಹುದು ಅನ್ನುವುದನ್ನು ಆಯಾ ಕಿಟ್‌ನ ತಯಾರಕರು ಹೇಳಿರುತ್ತಾರೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಪಾಲಿಸಿ. ಗಟ್ಟಿ ದವಡೆಯಲ್ಲಿ ಒಮ್ಮೆ ಬಳಸಿದ್ದನ್ನು ಎರಡು ಸಲದ ಲೆಕ್ಕಕ್ಕೆ ಹಿಡಿದರೂ ತಪ್ಪಿಲ್ಲ. ಎಲ್ಲ ಡ್ರಿಲ್‌ಗಳೂ ಒಟ್ಟಿಗೆ ಸವೆಯುವುದಿಲ್ಲ. ಪ್ರತಿ ರಂಧ್ರವನ್ನೂ ಘನ ಮೂಳೆಯಲ್ಲಿ ತೆರೆಯುವ 2 ಮಿಲಿಮೀಟರ್ ಡ್ರಿಲ್ ಮೊದಲು ಹೋಗುತ್ತದೆ, ಆದ್ದರಿಂದ ಅದನ್ನು ಉಳಿದವಕ್ಕಿಂತ ಬೇಗ ಬದಲಿಸಬೇಕು. ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಅಂಚಿನುದ್ದಕ್ಕೂ ಸಣ್ಣ ಬಿಳಿ ಗೆರೆ ಮಿಂಚಿದರೆ ಅದು ಮೊಂಡಾಗಿದೆ.

ಮೂಳೆಗೆ ತಕ್ಕ ಕ್ರಮ

ಲೆಕ್‌ಹೋಮ್ ಮತ್ತು ಝಾರ್ಬ್ 1985ರಲ್ಲಿ ದವಡೆಯ ಮೂಳೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಒಂದನೆಯದು ಬಹುಪಾಲು ಗಟ್ಟಿ ಪದರವೇ, ಹೆಚ್ಚಾಗಿ ಸಿಗುವುದು ಕೆಳದವಡೆಯ ಮುಂಭಾಗದಲ್ಲಿ. ನಾಲ್ಕನೆಯದು ತೆಳು ಹೊರಪದರದ ಒಳಗೆ ವಿರಳವಾದ ಸ್ಪಂಜು ಮೂಳೆ, ಮೇಲ್ದವಡೆಯ ಹಿಂಭಾಗದಲ್ಲಿ. ನಾಲ್ಕನೆಯದನ್ನು ಕಂಡರೆ ಎಲ್ಲರಿಗೂ ಭಯ, ಒಂದನೆಯದನ್ನು ಕಂಡರೆ ಧೈರ್ಯ. ಡ್ರಿಲ್ಲಿಂಗ್ ದೃಷ್ಟಿಯಿಂದ ನೋಡಿದರೆ ಒಂದನೆಯದಕ್ಕೂ ಅಷ್ಟೇ ಹೆದರಬೇಕು. ಅಲ್ಲಿ ರಕ್ತನಾಳ ಕಡಿಮೆ, ಬಿಸಿ ಹೆಚ್ಚು, ಒತ್ತಿದರೆ ಬಳುಕುವ ಗುಣವೂ ಇಲ್ಲ. ಸತ್ತರೆ ಅದನ್ನು ರಿಪೇರಿ ಮಾಡಲು ಬೇಕಾದ ಕೋಶಗಳು ಬರುವ ದಾರಿಯೂ ಕಿರಿದು.

4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಇಂಪ್ಲಾಂಟ್ ಒಂದನ್ನು ಇಟ್ಟುಕೊಂಡು ನೋಡೋಣ. ಕಿಟ್‌ನಿಂದ ಕಿಟ್‌ಗೆ ಅಳತೆ ಬದಲಾಗುತ್ತದೆ, ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಚೂಪು ಬರ್ ಅಥವಾ ಲ್ಯಾನ್ಸ್ ಡ್ರಿಲ್‌ನಿಂದ ಹೊರಪದರಕ್ಕೊಂದು ಗುರುತು, ಇಲ್ಲದಿದ್ದರೆ ಮುಂದಿನ ಡ್ರಿಲ್ ಜಾರಿ ಅಂಚನ್ನು ಹಾಳುಮಾಡುತ್ತದೆ. ಆಮೇಲೆ 2 ಮಿಲಿಮೀಟರ್ ಡ್ರಿಲ್ 1200 ಸುತ್ತಿನಲ್ಲಿ ಪೂರ್ತಿ ಆಳಕ್ಕೆ. ಪಿನ್ ಇಟ್ಟು ಎಕ್ಸ್‌ರೇ ತೆಗೆದು ದಿಕ್ಕು, ಆಳ ನೋಡಿಕೊಳ್ಳುವುದು. ಡ್ರಿಲ್‌ನ ಚೂಪು ತುದಿ ಗೆರೆಯ ಅಳತೆಗಿಂತ ಅರ್ಧದಿಂದ 1 ಮಿಲಿಮೀಟರ್ ಹೆಚ್ಚಿಗೇ ಇಳಿಯುತ್ತದೆ. ಕೆಳದವಡೆಯ ನರದ ಕಾಲುವೆಗೆ 2 ಮಿಲಿಮೀಟರ್ ಅಂತರ ಬಿಡುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮುಂದೆ 2.8 ಡ್ರಿಲ್ 1000 ಸುತ್ತಿನಲ್ಲಿ, 3.5 ಡ್ರಿಲ್ 800ರಲ್ಲಿ. ದಪ್ಪ ಹೆಚ್ಚಿದಂತೆ ಅಂಚು ಗೋಡೆಯ ಮೇಲೆ ಓಡುವ ವೇಗ ತಾನಾಗೇ ಹೆಚ್ಚುತ್ತದೆ, ಅದಕ್ಕೇ ಸುತ್ತು ಇಳಿಸುವುದು. 2ರಿಂದ ನೇರ 3.5ಕ್ಕೆ ಹಾರುವುದು ಮೆತ್ತನೆ ಮೂಳೆಯಲ್ಲಿ ನಡೆದೀತು. ಗಟ್ಟಿ ಮೂಳೆಯಲ್ಲಿ ಒಂದೇ ಏಟಿಗೆ ಅಷ್ಟು ಮೂಳೆ ತೆಗೆಯಲು ಹೊರಟರೆ ಬಿಸಿ ಏರುವುದು ಖಂಡಿತ.

ಕೊನೆಯ ಡ್ರಿಲ್ ಯಾವುದು ಅನ್ನುವಲ್ಲೇ ನಿಜವಾದ ತೀರ್ಮಾನ ಇರುವುದು. ಮೆತ್ತನೆ ಮೂಳೆಯಲ್ಲಿ 2.8ಕ್ಕೇ ನಿಲ್ಲಿಸಿ ಇಂಪ್ಲಾಂಟೇ ಮೂಳೆಯನ್ನು ಬದಿಗೆ ಒತ್ತುವಂತೆ ಬಿಡಬಹುದು. ಗಟ್ಟಿ ಮೂಳೆಯಲ್ಲಿ 3.5 ಆದ ಮೇಲೂ ಆ ಕಿಟ್‌ನಲ್ಲಿರುವ ಗಟ್ಟಿ ಮೂಳೆಯ ಡ್ರಿಲ್, ಇಂಪ್ಲಾಂಟಿನ ಕತ್ತು ಕೂರುವ ಭಾಗಕ್ಕೆ ಕೌಂಟರ್‌ಸಿಂಕ್ (ಬಾಯಿ ಅಗಲಿಸುವ ಡ್ರಿಲ್), ಆಮೇಲೆ ನಿಮಿಷಕ್ಕೆ 15ರಿಂದ 25 ಸುತ್ತಿನಲ್ಲಿ ಟ್ಯಾಪ್ (ಗೋಡೆಯಲ್ಲಿ ಸ್ಕ್ರೂ ಎಳೆ ಕೆತ್ತುವ ಉಪಕರಣ), ಇಷ್ಟೂ ಬೇಕು. ಟ್ಯಾಪ್ ಬಿಡುವುದರಿಂದ ಉಳಿಯುವುದು ಎರಡು ನಿಮಿಷ. ಅದಕ್ಕೆ ಬೆಲೆ ತೆರುವುದು ಇಂಪ್ಲಾಂಟಿನ ಕುತ್ತಿಗೆಯ ಸುತ್ತಲಿನ ಮೂಳೆ.

ಬಿಗಿ ಹೆಚ್ಚಾದರೆ

ಕಿರಿದಾದ ರಂಧ್ರಕ್ಕೆ ಇಂಪ್ಲಾಂಟನ್ನು ಬಲವಂತವಾಗಿ ತಿರುಗಿಸಿದಾಗ ಗಟ್ಟಿ ಪದರ ಹಿಗ್ಗಬೇಕಾಗುತ್ತದೆ. ಅದು ಹಿಗ್ಗುವುದಿಲ್ಲ, ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ, ಮೂಳೆಯೊಳಗಿನ ಜೀವಕೋಶಗಳಾದ ಆಸ್ಟಿಯೋಸೈಟ್‌ಗಳು ಸಾಯುತ್ತವೆ. ಸಾಯುವ ಆಸ್ಟಿಯೋಸೈಟ್ ಸುಮ್ಮನೆ ಸಾಯುವುದಿಲ್ಲ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳನ್ನು ಕರೆಯುವ ಸಂಕೇತ ಕೊಟ್ಟು ಸಾಯುತ್ತದೆ. ಒಂದೆರಡು ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಕುತ್ತಿಗೆಯ ಸುತ್ತ ಬಟ್ಟಲಿನಂತೆ ಮೂಳೆ ಇಳಿದಿರುವುದು ಕಾಣಬಹುದು. ಟಾರ್ಕ್ 60, 70 ಬಂದ ಕೇಸನ್ನು ಹೆಮ್ಮೆಯಿಂದ ತೋರಿಸುವುದನ್ನು ಬಿಡಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. 25ರಿಂದ 45 ಸಾಕು.

ಕೂರಿಸುವಾಗ 15ರಿಂದ 30 ಸುತ್ತಿನಲ್ಲಿ ಹೋಗುತ್ತಾ, ಇನ್ನೂ 3 ಮಿಲಿಮೀಟರ್ ಉಳಿದಿರುವಾಗಲೇ ಮೋಟಾರ್ 50ಕ್ಕೆ ನಿಂತಿತು ಅಂದುಕೊಳ್ಳಿ. ರ‍್ಯಾಚೆಟ್ ತೆಗೆದುಕೊಂಡು ಕೈಬಲದಿಂದ ಇಳಿಸುವ ಆಸೆಯಾಗುತ್ತದೆ. ಬೇಡ. ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಂದಕ್ಕೆ ಹೋಗಿ. ಮತ್ತೆ ನಿಂತರೆ ಇಂಪ್ಲಾಂಟನ್ನು ಹೊರತೆಗೆದು ಸ್ಟೆರೈಲ್ ಜಾಗದಲ್ಲಿ, ಯಾವುದಕ್ಕೂ ತಾಗದಂತೆ ಇಟ್ಟು, ಟ್ಯಾಪ್ ಮಾಡಿ ಅಥವಾ ಮುಂದಿನ ಡ್ರಿಲ್ ಇಳಿಸಿ. ತಳದಲ್ಲಿ ಮೂಳೆಪುಡಿ ಕೂತು ತಡೆಯುತ್ತಿರುವುದೂ ಇರಬಹುದು, ಸಲೈನಿನಿಂದ ತೊಳೆದು ನೋಡಿ.

ಇದರ ಎದುರು ಬದಿಯ ತಪ್ಪೂ ಇದೆ. ಪ್ರತಿ ಸಲ ಒಳಗೆ ಹೋಗುವಾಗ ಕೈ ಸ್ವಲ್ಪ ವಾಲಿದರೆ ರಂಧ್ರದ ಬಾಯಿ ಮೊಟ್ಟೆಯಾಕಾರಕ್ಕೆ ಅಗಲವಾಗುತ್ತದೆ. ಇಂಪ್ಲಾಂಟ್ ಸಡಿಲ. ಸುಮಾರು 50ರಿಂದ 150 ಮೈಕ್ರಾನ್‌ಗಿಂತ ಹೆಚ್ಚು ಅಲುಗಾಡಿದರೆ ಆ ಜಾಗದಲ್ಲಿ ಮೂಳೆಯ ಬದಲು ನಾರು ಅಂಗಾಂಶ ಕಟ್ಟುತ್ತದೆ. ಆಗ ಒಂದು ಅಳತೆ ದಪ್ಪದ ಇಂಪ್ಲಾಂಟ್ ಹಾಕುವುದು, ಇಲ್ಲವೇ ಒಸಡಿನ ಕೆಳಗೆ ಮುಚ್ಚಿ, ಭಾರ ಬೀಳದಂತೆ ಹೆಚ್ಚು ದಿನ ಬಿಡುವುದು. ಗೋಡೆಗೆ ಜೀವ ಇದ್ದರೆ ಇಂಥ ಸಡಿಲ ಇಂಪ್ಲಾಂಟ್ ಕೂಡ ಕಚ್ಚಿಕೊಳ್ಳುತ್ತದೆ. ಜೀವ ಇಲ್ಲದ ಗೋಡೆಯ ಬಿಗಿ ಇಂಪ್ಲಾಂಟಿಗಿಂತ ಇದನ್ನೇ ನಾವು ಹೆಚ್ಚು ನಂಬುತ್ತೇವೆ.

ಬೇರೆ ವಿಧಾನಗಳ ಬಗ್ಗೆ ಸ್ವಲ್ಪ. ನಿಮಿಷಕ್ಕೆ 50ರಿಂದ 150 ಸುತ್ತಿನಲ್ಲಿ ನೀರಿಲ್ಲದೆ ಕೊರೆಯುವ ಪದ್ಧತಿಯಲ್ಲಿ ಬಿಸಿ ಹೆಚ್ಚೇನೂ ಏರುವುದಿಲ್ಲ. ಕಾಲುವೆಯಲ್ಲಿ ಸಿಗುವ ಮೂಳೆಚೂರು ತೊಳೆದುಹೋಗದೆ ಜೀವಂತವಾಗಿ ಸಿಗುತ್ತದೆ, ಪಕ್ಕದ ಕೊರತೆ ತುಂಬಲು ಅದಕ್ಕಿಂತ ಒಳ್ಳೆಯದಿಲ್ಲ. ಡ್ರಿಲ್ ಹರಿತವಾಗಿರಲೇಬೇಕು ಅನ್ನುವ ಷರತ್ತು ಇಲ್ಲಿ ಇನ್ನೂ ಬಿಗಿ. ಸಲಾಹ್ ಹುವೈಸ್ ರೂಪಿಸಿದ ಡೆನ್ಸಾ ಬರ್‌ಗಳು ಹಿಮ್ಮುಖವಾಗಿ, 800ರಿಂದ 1500 ಸುತ್ತಿನಲ್ಲಿ, ಧಾರಾಳ ನೀರಿನ ಜೊತೆ ತಿರುಗಿ ಮೂಳೆಯನ್ನು ಕತ್ತರಿಸುವ ಬದಲು ಗೋಡೆಗೆ ಒತ್ತುತ್ತವೆ. ಮೇಲ್ದವಡೆಯ ಮೆತ್ತನೆ ಮೂಳೆಗೆ ಅದು ಒಪ್ಪುತ್ತದೆ. ಒತ್ತಲು ಜಾಗವೇ ಇಲ್ಲದ ಗಟ್ಟಿ ಮೂಳೆಯಲ್ಲಿ ಅದನ್ನು ಹಿಮ್ಮುಖವಾಗಿ ಓಡಿಸುವುದಕ್ಕೆ ಅರ್ಥವಿಲ್ಲ.

ಹಾನಿಯಾಗಿದ್ದರೆ ಗೊತ್ತಾಗುವುದು ಹೇಗೆ

ಮೊದಲ ಮೂರ್ನಾಲ್ಕು ದಿನದ ನೋವು, ಊತ ಸಹಜ. ಕಡಿಮೆಯಾಗುತ್ತಾ ಬಂದ ನೋವು ಎರಡನೆಯ ವಾರದಲ್ಲಿ ಆಳದಲ್ಲಿ ಮಿಡಿಯುವ ನೋವಾಗಿ ಮರಳಿದರೆ ಅನುಮಾನಪಡಬೇಕು. ಆಗ ಎಕ್ಸ್‌ರೇ ಚೆನ್ನಾಗಿದೆ ಎಂದು ಸುಮ್ಮನಾಗುವಂತಿಲ್ಲ. ಮೂಳೆಯ ಖನಿಜ ಸುಮಾರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುವ ತನಕ ಸಾಮಾನ್ಯ ಎಕ್ಸ್‌ರೇಯಲ್ಲಿ ಕಪ್ಪು ಕಾಣುವುದೇ ಇಲ್ಲ. ಕತ್ತಿನ ಭಾಗ ಸರಿಯಾಗಿದ್ದು ತುದಿಯ ಸುತ್ತ ಮಾತ್ರ ಕಪ್ಪು ಬಂದರೆ ಎರಡು ಕಾರಣ ನೋಡಿ: ನೀರು ತಲುಪದೆ ತುದಿ ಸುಟ್ಟಿರುವುದು, ಅಥವಾ ಪಕ್ಕದ ಹಲ್ಲಿನ ಬೇರಿನ ಸೋಂಕು. ಪಕ್ಕದ ಹಲ್ಲಿನ ಜೀವ ಪರೀಕ್ಷಿಸಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಕಂಪನಾಂಕ ಅಳೆಯುವ ಉಪಕರಣ ಇದ್ದರೆ ಹಾಕಿದ ದಿನ, 3-4 ವಾರ ಮತ್ತು ಹಲ್ಲು ಕೂರಿಸುವ ಮುನ್ನ ಐಎಸ್‌ಕ್ಯೂ (ಇಂಪ್ಲಾಂಟ್ ಎಷ್ಟು ಸ್ಥಿರ ಅನ್ನುವ ಅಂಕಿ) ತೆಗೆಯಿರಿ. 1ರಿಂದ 100ರ ಆ ಅಳತೆಯಲ್ಲಿ 70ರ ಮೇಲಿದ್ದರೆ ಸ್ಥಿರತೆ ಚೆನ್ನಾಗಿದೆ ಎಂದರ್ಥ. ಒಂದು ಅಂಕಿಗಿಂತ ಅಂಕಿಗಳ ನಡಿಗೆ ಮುಖ್ಯ. 75ರಿಂದ 68ಕ್ಕೆ ಇಳಿದು ಮತ್ತೆ ಏರಿದರೆ ಅದು ಮೊದಲು ಹೇಳಿದ ತಗ್ಗು, ಅಷ್ಟೇ. ಇಳಿದದ್ದು ಇಳಿಯುತ್ತಲೇ ಹೋದರೆ ಭಾರ ಹಾಕುವುದನ್ನು ಮುಂದೂಡಬೇಕು. ಹಲ್ಲಿನ ಇಂಪ್ಲಾಂಟ್ ವಿಧಾನಕ್ಕೆ ಬುನಾದಿ ಹಾಕಿದ ಬ್ರೋನೆಮಾರ್ಕ್ ಅವರ ಪದ್ಧತಿಯಲ್ಲಿ ಕೆಳದವಡೆಗೆ 3-4 ತಿಂಗಳು, ಮೇಲ್ದವಡೆಗೆ 6 ತಿಂಗಳು ಕಾಯುತ್ತಿದ್ದರು. ಈಗ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೆ 6ರಿಂದ 8 ವಾರ ಸಾಕೆನ್ನುತ್ತಾರೆ. ಆ 6 ವಾರದ ಲೆಕ್ಕ ಹೊಂದುವುದು ಆರೋಗ್ಯವಾಗಿರುವ ಗೋಡೆಗೆ.

ಅಬಟ್‌ಮೆಂಟ್ (ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಕೊಂಡಿ) ಬಿಗಿ ಮಾಡುವಾಗ ಇಂಪ್ಲಾಂಟೇ ತಿರುಗಿ, ರೋಗಿಗೆ ನೋವಾದರೆ ಮೂಳೆ ಕೂಡಿಲ್ಲ ಎಂದರ್ಥ. ಔಷಧ ಕೊಟ್ಟು ದಿನ ತಳ್ಳುವುದರಿಂದ ಸುತ್ತಲಿನ ಒಳ್ಳೆಯ ಮೂಳೆಯೂ ಹೋಗುತ್ತದೆ. ಇಂಪ್ಲಾಂಟ್ ತೆಗೆದು, ಸುತ್ತಲಿನ ನಾರು ಅಂಗಾಂಶವನ್ನು ಪೂರ್ತಿ ಕೆರೆದು, ಎಲ್ಲ ಕಡೆಯಿಂದ ರಕ್ತ ಒಸರುವ ತನಕ ಸ್ವಚ್ಛ ಮಾಡಿ, 2-3 ತಿಂಗಳು ಬಿಡಬೇಕು. ಮತ್ತೆ ಹಾಕುವ ಮೊದಲು ಹಳೆ ದಾಖಲೆ ತೆಗೆದು ನೋಡಿ: ಕೊನೆಯ ಡ್ರಿಲ್ ಯಾವ ಅಳತೆ, ಅದು ಎಷ್ಟನೇ ಬಳಕೆ, ಟ್ಯಾಪ್ ಮಾಡಿತ್ತೇ, ಟಾರ್ಕ್ ಎಷ್ಟಿತ್ತು, ಸಲೈನ್ ಎಷ್ಟು ಬಾಟಲಿ ಹೋಯಿತು. ಇವನ್ನು ಬರೆದಿಟ್ಟಿರದಿದ್ದರೆ ಎರಡನೆಯ ಸಲವಾದರೂ ಬರೆದಿಡಿ. ಅದೇ ರೋಗಿ, ಅದೇ ಮೂಳೆ, ಆದರೆ ಈ ಸಲ ಹೊಸ 2 ಮಿಲಿಮೀಟರ್ ಡ್ರಿಲ್, ತಂಪು ಸಲೈನ್, ಮತ್ತು ಗಟ್ಟಿ ಮೂಳೆಯಾಗಿದ್ದರೆ ಟ್ಯಾಪ್.